ಹರಿವಾಣವೋ, ಕಾಣಿಕೆ ಡಬ್ಬಿಯೋ?

ಲ್ಯಾಪ್‌ಟಾಪಿಗೆ ಸಿ.ಡಿ. ಡ್ರೈವ್ ಆರಿಸುವವರಿಗೆ ಕೆಲವು ಮಾತು

ನಮ್ಮ ಜಿಲ್ಲೆಯ ಕನ್ನಡ ಮನೆಗಳಲ್ಲಿ ಯಾವುದಾದರೊಂದರ ಚಾವಡಿಯ ಕಪಾಟನ್ನು ತೆರೆದು ನೋಡಿದರೆ, ಹಳೆಯ ಪಂಚಾಂಗ, ಮದುವೆಯ ಕರೆಯೋಲೆ, ತೀರ್ವೆ ರಶೀದಿಗಳ ನಡುವೆ ಫಳಫಳ ಹೊಳೆಯುವ ಹತ್ತಿಪ್ಪತ್ತು ತಟ್ಟೆಗಳು ಸಿಗದೆ ಇರುವುದಿಲ್ಲ. ಮಗಳ ಮದುವೆಯ ಡಿ.ವಿ.ಡಿ., ಮಗನ ಉಪನಯನದ ವಿಡಿಯೊ, ದೇವಸ್ಥಾನದ ಬ್ರಹ್ಮಕಲಶದ ಸಿ.ಡಿ., ಊರಿನ ತಾಳಮದ್ದಳೆಯ ಕೂಟದಲ್ಲಿ ಯಾರೋ ಪುಣ್ಯಾತ್ಮರು ಮುದ್ರಿಸಿಕೊಟ್ಟ ಧ್ವನಿ, ಕನ್ನಡ ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಆಡಿದ ನಾಟಕ - ಹೀಗೆ ಇಪ್ಪತ್ತು ವರ್ಷಗಳ ಸಂಸಾರದ ಚರಿತ್ರೆಯೇ ಅಲ್ಲಿ ಕವರುಗಳೊಳಗೆ ಮಲಗಿದೆ.

ಅವನ್ನು ನೋಡುವ ಬಗೆ ಹೇಗೆ ಎಂಬುದೇ ಈಗ ಪ್ರಶ್ನೆ. ಟಿ.ವಿ.ಯ ಅಡಿಯಲ್ಲಿದ್ದ ಡಿ.ವಿ.ಡಿ. ಪ್ಲೇಯರ್ ಕೆಟ್ಟು ಗುಜರಿಗೆ ಹೋಗಿ ವರ್ಷಗಳಾದುವು. ಮಕ್ಕಳು ತಂದ ಹೊಸ ಲ್ಯಾಪ್‌ಟಾಪನ್ನು ಮಗುಚಿ ನೋಡಿದರೂ ಸಿ.ಡಿ. ಹಾಕುವ ಜಾಗ ಕಾಣದು. ಆದುದರಿಂದ ಪ್ರತ್ಯೇಕವಾದ ಒಂದು ಡ್ರೈವನ್ನು ಕೊಂಡು ಯು.ಎಸ್.ಬಿ. ವಯರಿನಿಂದ ಜೋಡಿಸಿಕೊಳ್ಳಬೇಕು; ಇಲ್ಲವೇ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪೊಂದನ್ನು ಹುಡುಕಬೇಕು. ಹಾಗೆ ಹುಡುಕಹೊರಟವರ ಎದುರು ಎರಡು ಜಾತಿಯ ಯಂತ್ರಗಳು ಬಂದು ನಿಲ್ಲುತ್ತವೆ. ಒಂದು, ಗುಂಡಿ ಒತ್ತಿದಾಗ ಹರಿವಾಣದಂತಹ ಟ್ರೇಯನ್ನು ಹೊರಚಾಚುವುದು. ಇನ್ನೊಂದು, ದೇವಸ್ಥಾನದ ಕಾಣಿಕೆ ಡಬ್ಬಿಯಂತೆ ಸೀಳು ಮಾತ್ರ ಇದ್ದು, ಡಿಸ್ಕನ್ನು ಬಾಯಿಗೆ ಹಿಡಿದೊಡನೆ ತಾನಾಗಿ ಒಳಗೆಳೆದುಕೊಳ್ಳುವುದು. ಮೊದಲನೆಯದನ್ನು ಟ್ರೇ ಡ್ರೈವ್ ಎಂದೂ ಎರಡನೆಯದನ್ನು ಸ್ಲಾಟ್ ಡ್ರೈವ್ ಎಂದೂ ಅಂಗಡಿಯವರು ಕರೆಯುತ್ತಾರೆ.

ಇವೆರಡರಲ್ಲಿ ಯಾವುದು ಮೇಲು? ನೋಟಕ್ಕೆ ಸ್ಲಾಟ್ ಡ್ರೈವೇ ಚೆಂದ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಾಣಿಕೆ ಡಬ್ಬಿಗೆ ಹಾಕಿದುದನ್ನು ಹಿಂದೆ ಪಡೆಯುವುದು ಎಷ್ಟು ಕಷ್ಟವೆಂದು ಬಲ್ಲವರು ಸ್ವಲ್ಪ ನಿಧಾನಿಸಿ ಯೋಚಿಸುವುದು ಒಳ್ಳೆಯದು.

ಒಂದು ಉಪನಯನದ ಕಥೆ

ನನ್ನ ಸೋದರಮಾವನ ಮನೆಯಲ್ಲಿ ನಡೆದ ಸಂಗತಿಯಿದು. 2007ರಲ್ಲಿ ಅಲ್ಲಿ ಒಂದು ಉಪನಯನ. ಗಲ್ಫಿನಿಂದ ಬಂದಿದ್ದ ಭಾವನೊಬ್ಬ ಕೈಯಲ್ಲಿ ಹಿಡಿಯುವ ವಿಡಿಯೊ ಕ್ಯಾಮರ ತಂದಿದ್ದ. ಅದರೊಳಗೆ ಹೋಗುವುದು ಸಾಮಾನ್ಯ ಡಿ.ವಿ.ಡಿ. ಅಲ್ಲ, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಡಿಸ್ಕು. ಅಜ್ಜಿ ವಟುವಿಗೆ ಮೊದಲ ಭಿಕ್ಷೆ ನೀಡಿದ್ದು, ಆಮೇಲೆ ಜಗಲಿಯಲ್ಲಿ ಕುಳಿತು ಹಳೆಯ ಶೋಭಾನೆ ಹಾಡಿದ್ದು ಎಲ್ಲವೂ ಅದರಲ್ಲಿತ್ತು. ಅಜ್ಜಿ ತೀರಿಹೋದ ಬಳಿಕ ಅವರ ದನಿ ಉಳಿದದ್ದು ಆ ಒಂದೇ ಡಿಸ್ಕಿನಲ್ಲಿ.

ಕೆಲವು ವರ್ಷಗಳ ಅನಂತರ ತಿಥಿಗೆ ಎಲ್ಲರೂ ಸೇರಿದ್ದಾಗ ಅಜ್ಜಿಯ ಹಾಡು ಕೇಳೋಣವೆಂದು ಮಾತಾಯಿತು. ಬೆಂಗಳೂರಿನಿಂದ ಬಂದ ಹುಡುಗನ ಲ್ಯಾಪ್‌ಟಾಪಿಗೆ ಸೀಳಿನ ಡ್ರೈವ್ ಇತ್ತು. ಹುಡುಗ ಡಿಸ್ಕನ್ನು ಸೀಳಿಗೆ ಹಿಡಿದ, ಅದು ಎಳೆದುಕೊಳ್ಳಲಿಲ್ಲ. ಬೆರಳಿನಿಂದ ಮೆಲ್ಲನೆ ತಳ್ಳಿದ; ಒಳಗೆ ಹೋಯಿತು. ಟಕ್ ಟಕ್ ಎಂಬ ಸದ್ದು ಎರಡು ಬಾರಿ ಕೇಳಿತು, ಅಷ್ಟೆ. ಹಾಡು ಬರಲಿಲ್ಲ, ಡಿಸ್ಕೂ ಬರಲಿಲ್ಲ. ಗುಂಡಿ ಒತ್ತಿ ನೋಡಿದ್ದಾಯಿತು, ಮಗುಚಿ ಕುಲುಕಿದ್ದಾಯಿತು, ಕೊನೆಗೆ ಯಾರೋ ಇಸ್ಪೀಟು ಎಲೆ ತೂರಿಸಿಯೂ ನೋಡಿದರು. ಪೇಟೆಯ ರಿಪೇರಿ ಅಂಗಡಿಯಲ್ಲಿ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಡಿಸ್ಕನ್ನು ಹೊರತೆಗೆದಾಗ ಅದರ ಮೈಮೇಲೆ ಅರ್ಧಚಂದ್ರಾಕಾರದ ಗೀರು. ಭಿಕ್ಷೆಯ ದೃಶ್ಯ ಉಳಿಯಿತು. ಹಾಡು ಅರ್ಧಕ್ಕೇ ನಿಂತಿತು.

ಹುಡುಗನನ್ನು ದೂರಿ ಫಲವಿಲ್ಲ. ಯಂತ್ರವನ್ನೂ ದೂರುವಂತಿಲ್ಲ. ಅದು ಮಾಡಲ್ಪಟ್ಟದ್ದೇ ದೊಡ್ಡ ಡಿಸ್ಕಿಗೆ. ಆ ಒಂದು ವಿಷಯ ಅಲ್ಲಿದ್ದ ಇಪ್ಪತ್ತು ಜನರಲ್ಲಿ ಒಬ್ಬರಿಗಾದರೂ ಮೊದಲೇ ತಿಳಿದಿದ್ದರೆ ಸಾಕಿತ್ತು. ಈ ಲೇಖನವನ್ನು ಬರೆಯಲು ಅದೇ ಕಾರಣ.

ಒಳಗೆ ನಡೆಯುವುದೇನು?

ಸಿ.ಡಿ., ಡಿ.ವಿ.ಡಿ., ಬ್ಲೂ-ರೇ ಮೂರಕ್ಕೂ ಮೈಯಳತೆ ಒಂದೇ: ಅಡ್ಡಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್, ನಡುವಿನ ತೂತು 15 ಮಿಲಿಮೀಟರ್. ಫಿಲಿಪ್ಸ್ ಮತ್ತು ಸೋನಿ ಕಂಪೆನಿಗಳು ಸೇರಿ ರೂಪಿಸಿದ ಸಿ.ಡಿ. 1982ರಲ್ಲಿ ಜಪಾನಿನ ಮಾರುಕಟ್ಟೆಗೆ ಬಂದಾಗ ಗೊತ್ತುಮಾಡಿದ ಅಳತೆಯೇ ಇಂದಿಗೂ ನಡೆದುಬಂದಿದೆ. ಡಿಸ್ಕು ತಿರುಗುತ್ತಿರುವಾಗ ಲೇಸರ್ ಕಿರಣವೊಂದು ಅಡಿಯಿಂದ ಅದರ ಮೇಲೆ ಬಿದ್ದು, ಅಲ್ಲಿನ ಸೂಕ್ಷ್ಮ ಗುರುತುಗಳನ್ನು ಓದುತ್ತದೆ. ಸಿ.ಡಿ.ಯಲ್ಲಿ ಸುಮಾರು 700 ಮೆಗಾಬೈಟ್, ಒಂದು ಪದರದ ಡಿ.ವಿ.ಡಿ.ಯಲ್ಲಿ 4.7 ಗಿಗಾಬೈಟ್, ಬ್ಲೂ-ರೇಯಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ.

ಓದುವ ಕೆಲಸದಲ್ಲಿ ಟ್ರೇ ಮತ್ತು ಸ್ಲಾಟ್ ಡ್ರೈವುಗಳಿಗೆ ಹೇಳಿಕೊಳ್ಳುವಂತಹ ಭೇದವಿಲ್ಲ ಎಂಬುದನ್ನು ಮೊದಲೇ ಸ್ಪಷ್ಟಪಡಿಸಬೇಕು. ವೇಗವೂ ಹೆಚ್ಚುಕಡಿಮೆ ಒಂದೇ. ಲ್ಯಾಪ್‌ಟಾಪಿನ ತೆಳು ಡ್ರೈವುಗಳು ಸಾಮಾನ್ಯವಾಗಿ ಸಿ.ಡಿ.ಯನ್ನು 24 ಪಟ್ಟು, ಡಿ.ವಿ.ಡಿ.ಯನ್ನು 8 ಪಟ್ಟು ವೇಗದಲ್ಲಿ ಓದುತ್ತವೆ. ಅಂದರೆ ಗಾಯವಿಲ್ಲದ ಒಂದು ಸಿ.ಡಿ.ಯನ್ನು ನಕಲು ಮಾಡಿಕೊಳ್ಳಲು ಐದಾರು ನಿಮಿಷ, ತುಂಬಿದ ಡಿ.ವಿ.ಡಿ.ಗೆ ಹತ್ತು-ಹದಿನೈದು ನಿಮಿಷ ಸಾಕು. ವ್ಯತ್ಯಾಸವಿರುವುದು ಡಿಸ್ಕನ್ನು ಒಳಗೆ ಕೂರಿಸುವ ಮತ್ತು ಹೊರಗೆ ಕಳುಹಿಸುವ ರೀತಿಯಲ್ಲಿ ಮಾತ್ರ. ಆದರೆ ಆ ರೀತಿಯೇ ಎಷ್ಟೋ ಸಂಗತಿಗಳನ್ನು ನಿರ್ಣಯಿಸುತ್ತದೆ.

ಲ್ಯಾಪ್‌ಟಾಪಿನ ಟ್ರೇ ಡ್ರೈವ್ ಬಹಳ ಸರಳ. ಗುಂಡಿ ಒತ್ತಿದಾಗ ಒಳಗಿನ ಕೊಂಡಿ ಬಿಟ್ಟುಕೊಂಡು, ಸ್ಪ್ರಿಂಗ್ ಟ್ರೇಯನ್ನು ಒಂದೆರಡು ಬೆರಳಗಲ ಮುಂದಕ್ಕೆ ತಳ್ಳುತ್ತದೆ. ಉಳಿದುದನ್ನು ನಾವೇ ಎಳೆಯಬೇಕು. ಡಿಸ್ಕನ್ನು ತಿರುಗಿಸುವ ಮೋಟರು, ಓದುವ ಲೇಸರ್ ಎರಡೂ ಆ ಟ್ರೇಯ ಮೇಲೆಯೇ ಕುಳಿತು ಹೊರಗೆ ಬರುತ್ತವೆ. ನಡುವಿನ ಗುಬ್ಬಿಗೆ ಡಿಸ್ಕಿನ ತೂತನ್ನು ಇಟ್ಟು, 'ಟಕ್' ಎನ್ನುವವರೆಗೆ ಹೆಬ್ಬೆರಳಿನಿಂದ ಒತ್ತಿ, ಟ್ರೇಯನ್ನು ಕೈಯಿಂದ ಒಳಗೆ ತಳ್ಳಬೇಕು. ಎಲ್ಲವೂ ನಮ್ಮ ಕಣ್ಣೆದುರಿಗೆ, ನಮ್ಮ ಕೈಯಿಂದಲೇ.

ಸ್ಲಾಟ್ ಡ್ರೈವಿನ ಕೆಲಸ ಮರೆಯಲ್ಲಿ ನಡೆಯುತ್ತದೆ. ಕಾರಿನ ಸಿ.ಡಿ. ಸ್ಟೀರಿಯೊವನ್ನು ಕಂಡವರಿಗೆ ಇದು ಹೊಸದಲ್ಲ. ಅಲ್ಲಿ ರಬ್ಬರ್ ಉರುಳೆಗಳು ಡಿಸ್ಕನ್ನು ಎಳೆದುಕೊಳ್ಳುತ್ತವೆ. ಲ್ಯಾಪ್‌ಟಾಪಿನ ತೆಳು ಡ್ರೈವಿನಲ್ಲಿ ಹೆಚ್ಚಾಗಿ ಸಣ್ಣ ಸಣ್ಣ ಸನ್ನೆಕೋಲುಗಳು ಡಿಸ್ಕಿನ ಅಂಚನ್ನು ಎರಡು ಕಡೆಯಿಂದ ತಬ್ಬಿ, ಅದನ್ನು ನಡುಮಧ್ಯಕ್ಕೆ ತಂದು ನಿಲ್ಲಿಸುತ್ತವೆ. ಆಗ ಅಡಿಯಿಂದ ಗುಬ್ಬಿ ಮೇಲೆದ್ದು ತೂತಿನೊಳಗೆ ಹೊಗುತ್ತದೆ. ಹೊರಗೆ ಕಳುಹಿಸುವಾಗ ಇದೇ ಕ್ರಮ ತಿರುಗುಮುರುಗು. ಆ ಕೋಲುಗಳು ಅಳೆಯುವುದು 12 ಸೆಂಟಿಮೀಟರಿನ ದುಂಡಗಿನ ಅಂಚನ್ನು. ಅದಕ್ಕಿಂತ ಚಿಕ್ಕದಾದುದನ್ನು, ಚೌಕವಾದುದನ್ನು ಅವು ಹಿಡಿಯಲಾರವು. ಹಿಡಿಯದ ವಸ್ತುವನ್ನು ಹೊರಗೆ ತಳ್ಳಲಾರವು.

ಸಣ್ಣ ಡಿಸ್ಕಿನ ಸಂಕಟ

ಇಲ್ಲಿಯೇ ನಮ್ಮ ಮನೆಗಳಿಗೆ ಸಂಬಂಧಿಸಿದ ದೊಡ್ಡ ವಿಷಯ ಬರುತ್ತದೆ. 2000ದ ದಶಕದಲ್ಲಿ ಸೋನಿ, ಹಿಟಾಚಿ, ಪ್ಯಾನಸೋನಿಕ್, ಕ್ಯಾನನ್ ಮೊದಲಾದ ಕಂಪೆನಿಗಳು 8 ಸೆಂಟಿಮೀಟರಿನ ಸಣ್ಣ ಡಿ.ವಿ.ಡಿ.ಯಲ್ಲಿ ನೇರವಾಗಿ ಚಿತ್ರೀಕರಿಸುವ ಕ್ಯಾಮರಗಳನ್ನು ಮಾರಿದುವು. ಒಂದು ಡಿಸ್ಕಿನಲ್ಲಿ 1.4 ಗಿಗಾಬೈಟ್, ಸಾಧಾರಣ ಗುಣಮಟ್ಟದಲ್ಲಿ ಅರ್ಧ ತಾಸಿನ ಚಿತ್ರ. ಮನೆಮಂದಿ ಹೊರನಾಡಿನಲ್ಲಿ ದುಡಿಯುವ ನಮ್ಮಂತಹ ಜಿಲ್ಲೆಯಲ್ಲಿ ಇಂತಹ ಕ್ಯಾಮರ ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಬಂದುದು ಸಹಜವೇ.

ಟ್ರೇ ಡ್ರೈವಿಗೆ ಈ ಸಣ್ಣ ಡಿಸ್ಕು ತೊಂದರೆಯೇ ಅಲ್ಲ. ನಡುವಿನ ತೂತಿನ ಅಳತೆ ಒಂದೇ ಆಗಿರುವುದರಿಂದ ಗುಬ್ಬಿಗೆ ಒತ್ತಿ ಕೂರಿಸಿದರೆ ಮುಗಿಯಿತು. ಸ್ಲಾಟ್ ಡ್ರೈವಿಗೆ ಅದನ್ನು ತೋರಿಸಲೇಬಾರದು. ಎರಡೂ ಅಳತೆಯನ್ನು ನುಂಗಬಲ್ಲ ಸ್ಲಾಟ್ ಯಂತ್ರಗಳು ಲೋಕದಲ್ಲಿ ಇಲ್ಲವೆಂದಲ್ಲ. 2006ರಲ್ಲಿ ಬಂದ ನಿಂಟೆಂಡೊ ವೀ ಎಂಬ ಆಟದ ಯಂತ್ರ 12 ಮತ್ತು 8 ಸೆಂಟಿಮೀಟರಿನ ಎರಡು ಬಗೆಯ ಡಿಸ್ಕನ್ನೂ ಒಂದೇ ಸೀಳಿನಿಂದ ತೆಗೆದುಕೊಳ್ಳುತ್ತಿತ್ತು. ಆದರೆ ಲ್ಯಾಪ್‌ಟಾಪಿನ ಸ್ಲಾಟ್ ಡ್ರೈವುಗಳಿಂದ ಆ ಜಾಣತನವನ್ನು ನಿರೀಕ್ಷಿಸುವಂತಿಲ್ಲ.

ಸಣ್ಣ ಡಿಸ್ಕಿನ ಬಗ್ಗೆ ಇನ್ನೊಂದು ಮಾತು. ಚಿತ್ರೀಕರಣ ಮುಗಿದ ಮೇಲೆ ಕ್ಯಾಮರದಲ್ಲಿಯೇ ಡಿಸ್ಕನ್ನು 'ಫೈನಲೈಸ್' ಮಾಡುವ ಕ್ರಮವಿದೆ. ಅದನ್ನು ಮಾಡದೆ ಬಿಟ್ಟ ಡಿಸ್ಕು ಬೇರೆ ಯಂತ್ರಕ್ಕೆ ಖಾಲಿಯಾಗಿಯೇ ಕಾಣಬಹುದು. ಆದುದರಿಂದ ಕಂಪ್ಯೂಟರ್ 'ಇದರಲ್ಲಿ ಏನೂ ಇಲ್ಲ' ಎಂದಾಕ್ಷಣ ಡಿಸ್ಕನ್ನು ಎಸೆಯಬೇಡಿ. ಹಳೆಯ ಕ್ಯಾಮರ ಇನ್ನೂ ಚಾಲೂ ಆಗುವುದಾದರೆ ಅದರಲ್ಲಿ ಹಾಕಿ ಫೈನಲೈಸ್ ಮಾಡಿ ಮತ್ತೆ ಪ್ರಯತ್ನಿಸಿ. ಡಿಸ್ಕಿನ ಅಡಿಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದರೆ, ಬರೆದ ಭಾಗದ ಬಣ್ಣ ಬರೆಯದ ಭಾಗಕ್ಕಿಂತ ಸ್ವಲ್ಪ ಬೇರೆಯಾಗಿ ಉಂಗುರದಂತೆ ಕಾಣುತ್ತದೆ. ಅದು ಕಂಡರೆ ಒಳಗೆ ಏನೋ ಇದೆ ಎಂದೇ ಅರ್ಥ.

ಸಿಕ್ಕಿಬಿದ್ದಾಗ ಯಾರು ಬಿಡಿಸುವರು?

ಟ್ರೇ ಡ್ರೈವಿನ ಮುಖದಲ್ಲಿ ಸೂಜಿ ಹೋಗುವಷ್ಟು ಸಣ್ಣ ತೂತೊಂದಿರುವುದನ್ನು ಹಲವರು ಕಂಡಿರಬಹುದು. ಅದೇಕೆಂದು ತಿಳಿದವರು ಕಡಿಮೆ. ಕರೆಂಟು ಹೋದಾಗ, ಲ್ಯಾಪ್‌ಟಾಪ್ ಸತ್ತಾಗ, ಗುಂಡಿ ಕೇಳದಿದ್ದಾಗ ಕಾಗದದ ಕ್ಲಿಪ್ಪನ್ನು ನೇರ ಮಾಡಿ ಆ ತೂತಿಗೆ ತೂರಿಸಿ ಒತ್ತಿದರೆ ಕೊಂಡಿ ಬಿಟ್ಟು ಟ್ರೇ ಹೊರಗೆ ಬರುತ್ತದೆ. ವಿದ್ಯುತ್ತು ಬೇಡ, ರಿಪೇರಿಯವರೂ ಬೇಡ. ಯಂತ್ರವನ್ನು ಆರಿಸಿ, ಡಿಸ್ಕು ತಿರುಗುವುದು ನಿಂತ ಮೇಲೆ ಇದನ್ನು ಮಾಡಬೇಕು, ಅಷ್ಟೆ.

ಸ್ಲಾಟ್ ಡ್ರೈವುಗಳಲ್ಲಿ ಹಲವಕ್ಕೆ ಈ ಸೌಕರ್ಯವಿಲ್ಲ. ಡಿಸ್ಕನ್ನು ಹೊರದೂಡುವುದು ಮೋಟರಿನ ಕೆಲಸವಾದುದರಿಂದ ವಿದ್ಯುತ್ತು ಇಲ್ಲದೆ ಅದು ನಡೆಯದು. ಹಳೆಯ ಮ್ಯಾಕ್ ಕಂಪ್ಯೂಟರುಗಳಲ್ಲಿ ಒಂದು ಉಪಾಯವುಂಟು: ಯಂತ್ರವನ್ನು ಆರಿಸಿ ಮತ್ತೆ ಚಾಲೂ ಮಾಡುವಾಗ ಮೌಸಿನ ಅಥವಾ ಟ್ರ್ಯಾಕ್‌ಪ್ಯಾಡಿನ ಗುಂಡಿಯನ್ನು ಒತ್ತಿ ಹಿಡಿದರೆ ಅದು ಮೊದಲು ಡಿಸ್ಕನ್ನು ಉಗುಳಲು ನೋಡುತ್ತದೆ. ಅಷ್ಟಕ್ಕೂ ಬಾರದಿದ್ದರೆ ಬಿಚ್ಚದೆ ಗತಿಯಿಲ್ಲ. ಇಸ್ಪೀಟು ಎಲೆ, ಹಲ್ಲುಕಡ್ಡಿ, ಚಾಕುಗಳ ಪ್ರಯೋಗದಿಂದ ಕೆಟ್ಟದ್ದು ಹೆಚ್ಚು, ಸರಿಯಾದದ್ದು ಕಡಿಮೆ.

ಡಿಸ್ಕಿನ ಮೇಲೆ ಅಂಟಿಸಿದ ಕಾಗದದ ಚೀಟಿಯೂ ಸ್ಲಾಟ್ ಡ್ರೈವಿಗೆ ಶತ್ರು. ಮದುವೆಯ ವಿಡಿಯೊದವರು ವಧೂವರರ ಭಾವಚಿತ್ರವನ್ನು ಮುದ್ರಿಸಿ ಅಂಟಿಸಿಕೊಡುತ್ತಿದ್ದುದು ನೆನಪಿರಬಹುದು. ನಾಲ್ಕು ಮಳೆಗಾಲ ಕಳೆದ ಚೀಟಿಯ ಅಂಚು ಏಳದೆ ಇರುವುದಿಲ್ಲ. ಎದ್ದ ಅಂಚು ಆ ಇಕ್ಕಟ್ಟಿನ ಬಾಯಿಯಲ್ಲಿ ಸಿಕ್ಕಿಕೊಂಡರೆ ಡಿಸ್ಕು ಅಲ್ಲಿಯೇ ಲಗಾಡಿ. ಟ್ರೇಯಲ್ಲಾದರೆ ಅಂಚು ಎದ್ದಿರುವುದು ಮೊದಲೇ ಕಣ್ಣಿಗೆ ಬೀಳುತ್ತದೆ. ಬಿದ್ದಾಗ ಒಳಗೆ ತಳ್ಳದೆ ನಿಲ್ಲಿಸುವುದು ನಮ್ಮ ಕೈಯಲ್ಲಿದೆ.

ಆಟಿಯ ಮಳೆ, ಬೂಷ್ಟು, ಧೂಳು

ನಮ್ಮದು ತಿಂಗಳುಗಟ್ಟಲೆ ಮಳೆ ಸುರಿಯುವ ನಾಡು. ಆಟಿ ತಿಂಗಳಿನಲ್ಲಿ ಚಪ್ಪಲಿಗೂ ಬೂಷ್ಟು, ಪುಸ್ತಕಕ್ಕೂ ಬೂಷ್ಟು. ಹಾಗಿರುವಾಗ ಲೇಸರಿನ ಮೇಲಿರುವ ಸಾಸಿವೆಗಾತ್ರದ ಮಸೂರಕ್ಕೆ ಮಂಜು ಕವಿಯುವುದರಲ್ಲಿ ಆಶ್ಚರ್ಯವೇನು? ಡ್ರೈವು ಒಂದು ಡಿಸ್ಕನ್ನೂ ಓದುತ್ತಿಲ್ಲವೆಂದರೆ ಎಷ್ಟೋ ಬಾರಿ ತಪ್ಪು ಈ ಮಸೂರದ್ದಾಗಿರುತ್ತದೆ.

ಟ್ರೇ ಡ್ರೈವಿನಲ್ಲಿ ಟ್ರೇಯನ್ನು ಎಳೆದಾಗ ಮಸೂರ ಎದುರಿಗೇ ಕಾಣುತ್ತದೆ. ಕ್ಯಾಮರ ಶುಚಿಗೊಳಿಸುವ ರಬ್ಬರಿನ ಊದುಗುಂಡಿನಿಂದ ಮೊದಲು ಧೂಳು ಊದಿ, ಅಗತ್ಯವಾದರೆ ಹತ್ತಿ ಸುತ್ತಿದ ಕಡ್ಡಿಗೆ ಒಂದು ತೊಟ್ಟು ಐಸೊಪ್ರೊಪೈಲ್ ಆಲ್ಕೊಹಾಲ್ ಮುಟ್ಟಿಸಿ ಬಹಳ ಹಗುರವಾಗಿ ಒರಸಬಹುದು. ಬಾಯಿಂದ ಊದಿದರೆ ಎಂಜಲು ಹಾರಿ ಇನ್ನಷ್ಟು ಕೆಡುತ್ತದೆ. ಸ್ಲಾಟ್ ಡ್ರೈವಿನಲ್ಲಿ ಮಸೂರ ಕತ್ತಲೆಯೊಳಗೆ; ಬಿಚ್ಚದೆ ಅದನ್ನು ಮುಟ್ಟುವಂತಿಲ್ಲ. ಸೀಳಿನ ಬಾಯಿಗೆ ಧೂಳು ತಡೆಯಲು ಮೆತ್ತನೆಯ ಬಟ್ಟೆಯಂತಹ ಪಟ್ಟಿಯೇನೋ ಇದೆ. ಆದರೆ ಆ ಪಟ್ಟಿಯಲ್ಲಿಯೇ ಮರಳಿನ ಕಣವೊಂದು ಕುಳಿತರೆ ಹೋಗಿಬರುವ ಪ್ರತಿಯೊಂದು ಡಿಸ್ಕಿಗೂ ಅದು ಗೀರು ಎಳೆಯುತ್ತದೆ.

ಸ್ಲಾಟಿನ ಗುಣವನ್ನೂ ಹೇಳಬೇಕು

ಇಷ್ಟೆಲ್ಲ ಓದಿದವರು ಸ್ಲಾಟ್ ಡ್ರೈವ್ ಎಂದರೆ ಬರಿಯ ಕೇಡೇ ಎಂದು ತಿಳಿಯಬಾರದು. ಟ್ರೇ ಹೊರಚಾಚಿದಾಗ ಅದು ತೆಳ್ಳಗಿನ ಪ್ಲಾಸ್ಟಿಕ್ ನಾಲಿಗೆಯಂತೆ. ಮೊಣಕೈ ತಾಗಿದರೆ, ಮಗು ಹಿಡಿದು ಜಗ್ಗಿದರೆ ಕಂಬಿ ಸೊಟ್ಟಗಾಗುತ್ತದೆ. ಮೋಟರೂ ಲೇಸರೂ ಅದರ ಮೇಲೆಯೇ ಇರುವುದರಿಂದ ಆ ಒಂದು ಏಟಿಗೆ ಡ್ರೈವೇ ಹೋಗಬಹುದು. ಸ್ಲಾಟಿನಲ್ಲಿ ಮುರಿಯಲು ಹೊರಗೆ ಏನೂ ಇಲ್ಲ. ಬಸ್ಸಿನಲ್ಲಿ, ತೊಡೆಯ ಮೇಲೆ, ಇಕ್ಕಟ್ಟಾದ ಮೇಜಿನಲ್ಲಿ ಒಂದೇ ಕೈಯಿಂದ ಡಿಸ್ಕು ಹಾಕಬಹುದು. ಬೆರಳುಗಳಲ್ಲಿ ಬಲವಿಲ್ಲದ ವೃದ್ಧರಿಗೆ, ಗುಬ್ಬಿಗೆ ಒತ್ತಿ ಕೂರಿಸುವುದು, ಮತ್ತೆ ಎಬ್ಬಿಸುವುದು ಕಷ್ಟ. ಅವರಿಗೆ ಸೀಳೇ ಸುಲಭ. ಟ್ರೇಯಲ್ಲಿ ಡಿಸ್ಕನ್ನು ಅರೆಬರೆ ಕೂರಿಸಿ ಮುಚ್ಚಿದರೆ ಅದು ಒಳಗೆ ಒರಸಿಕೊಂಡು ತಿರುಗಿ ಗೀರಾಗುವ ಅಪಾಯವುಂಟು. ಸ್ಲಾಟಿನಲ್ಲಿ ಆ ತಪ್ಪಿಗೆ ಎಡೆಯಿಲ್ಲ.

ಹಾಗಾದರೆ ಮಕ್ಕಳಿರುವ ಮನೆಗೆ ಸ್ಲಾಟ್ ಒಳ್ಳೆಯದೇ? ಅದನ್ನೂ ಹೇಳಲು ಧೈರ್ಯವಿಲ್ಲ. ಸೀಳು ಕಂಡಲ್ಲಿ ಬಿಲ್ಲೆ ಹಾಕುವುದು ಮಕ್ಕಳ ಸ್ವಭಾವ. ದೇವಸ್ಥಾನದಲ್ಲಿ ನಾವೇ ಕಲಿಸಿದ ಅಭ್ಯಾಸವದು!

ಹೆಸರಾದ ಯಂತ್ರಗಳು

ಲ್ಯಾಪ್‌ಟಾಪಿನಲ್ಲಿ ಸ್ಲಾಟ್ ಡ್ರೈವಿಗೆ ಹೆಸರು ತಂದುಕೊಟ್ಟದ್ದು ಆಪಲ್ ಕಂಪೆನಿ. 2001ರ ಜನವರಿಯಲ್ಲಿ ಬಂದ ಟೈಟಾನಿಯಂ ಮೈಯ ಪವರ್‌ಬುಕ್ ಜಿ-4ರಲ್ಲಿ ಅದು ಸೀಳನ್ನು ಇಟ್ಟಿತು. ಮುಂದೆ ಮ್ಯಾಕ್‌ಬುಕ್ ಪ್ರೊಗಳಲ್ಲಿಯೂ ಅದೇ ಪದ್ಧತಿ ನಡೆಯಿತು. 2007ರ ಡೆಲ್ ಎಕ್ಸ್.ಪಿ.ಎಸ್. ಎಂ-1330ರಂತಹ ಕೆಲವು ವಿಂಡೋಸ್ ಲ್ಯಾಪ್‌ಟಾಪುಗಳಲ್ಲಿಯೂ ಸ್ಲಾಟ್ ಇತ್ತು. ಆದರೂ ಅಂದಿನ ಬಹುಪಾಲು ಲ್ಯಾಪ್‌ಟಾಪುಗಳಲ್ಲಿ ಇದ್ದುದು ಟ್ರೇಯೇ.

ಡ್ರೈವನ್ನೇ ಬಿಟ್ಟುಬಿಡುವ ಪದ್ಧತಿಯನ್ನು ಬೆಳೆಸಿದವರಲ್ಲಿಯೂ ಆಪಲ್ ಮುಂದಾಳು. 2008ರ ಜನವರಿಯ ಮ್ಯಾಕ್‌ಬುಕ್ ಏರ್‌ನಲ್ಲಿ ಡಿಸ್ಕಿಗೆ ಜಾಗವಿರಲಿಲ್ಲ. ಅದಕ್ಕೆಂದು 'ಸೂಪರ್‌ಡ್ರೈವ್' ಎಂಬ ಪ್ರತ್ಯೇಕ ಸ್ಲಾಟ್ ಡ್ರೈವನ್ನು ಮಾರಿದರು. ಒಳಗೆ ಡ್ರೈವ್ ಇದ್ದ ಕೊನೆಯ ಮ್ಯಾಕ್‌ಬುಕ್ ಪ್ರೊ 2012ರದ್ದು. ಅದರ ಮಾರಾಟ 2016ರಲ್ಲಿ ನಿಂತಿತು. ಸೂಪರ್‌ಡ್ರೈವಿನ ಮಾರಾಟವೂ 2024ರಲ್ಲಿ ಮುಗಿಯಿತು. ಈಗಲೂ ಅದು ಹಳೆಯ ಮಾಲಾಗಿ ಅಲ್ಲಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಕೊಳ್ಳುವವರು ಒಂದನ್ನು ನೆನಪಿಡಬೇಕು: ಅದು ಮ್ಯಾಕ್‌ಗಳಿಗೆಂದೇ ಮಾಡಿದ್ದು. ಸಾಮಾನ್ಯ ವಿಂಡೋಸ್ ಲ್ಯಾಪ್‌ಟಾಪಿಗೆ ಚುಚ್ಚಿದರೆ ಹೆಚ್ಚಾಗಿ ಡಿಸ್ಕನ್ನು ಒಳಗೆಳೆದುಕೊಳ್ಳುವುದೇ ಇಲ್ಲ. ಸಣ್ಣ ಡಿಸ್ಕಂತೂ ಅದಕ್ಕೆ ಸಲ್ಲದು.

ಹಳೆಯ ಲ್ಯಾಪ್‌ಟಾಪಿನ ಕೆಟ್ಟ ಡ್ರೈವನ್ನು ಬದಲಾಯಿಸಬೇಕೆನ್ನುವವರೂ ಇದ್ದಾರೆ. ತೆಳು ಡ್ರೈವುಗಳಲ್ಲಿ 12.7 ಮತ್ತು 9.5 ಮಿಲಿಮೀಟರ್ ಎಂಬ ಎರಡು ದಪ್ಪಗಳು ಬಳಕೆಯಲ್ಲಿವೆ. ಜೋಡಣೆಯಲ್ಲಿ ಹಳೆಯ ಐ.ಡಿ.ಇ., ಅನಂತರದ ಸಾಟಾ ಎಂಬ ಎರಡು ಬಗೆ. ಇವೆರಡೂ ಹೊಂದಿದರೆ ಒಂದು ಟ್ರೇ ಡ್ರೈವಿನ ಜಾಗದಲ್ಲಿ ಇನ್ನೊಂದು ಟ್ರೇ ಡ್ರೈವ್ ಸಾಮಾನ್ಯವಾಗಿ ಕೂರುತ್ತದೆ. ಮುಖದ ಪ್ಲಾಸ್ಟಿಕ್ ಪಟ್ಟಿಯನ್ನು ಮಾತ್ರ ಹಳೆಯದರಿಂದ ತೆಗೆದು ಹಚ್ಚಿಕೊಳ್ಳಬೇಕಾದೀತು. ಲ್ಯಾಪ್‌ಟಾಪಿನ ಮೈಯಲ್ಲಿಯೇ ಸೀಳು ಕೊರೆದಿದ್ದರೆ ಅಲ್ಲಿ ಸ್ಲಾಟಲ್ಲದೆ ಟ್ರೇ ಹೊಂದದು.

ಕೊಳ್ಳುವಾಗ, ಬಳಸುವಾಗ

ಇಷ್ಟನ್ನು ತೂಗಿ ನೋಡಿದರೆ ನನ್ನ ಅಭಿಪ್ರಾಯ ಇದು: ಕಪಾಟಿನ ಹಳೆಯ ಡಿಸ್ಕುಗಳನ್ನು ಉಳಿಸಿಕೊಳ್ಳುವುದು ಉದ್ದೇಶವಾದರೆ, ಯು.ಎಸ್.ಬಿ.ಯಿಂದ ಜೋಡಿಸುವ ಟ್ರೇ ಡ್ರೈವನ್ನೇ ಆರಿಸಿ. ಎರಡು-ಮೂರು ಸಾವಿರ ರೂಪಾಯಿಯೊಳಗೆ ಒಳ್ಳೆಯದು ಸಿಗುತ್ತದೆ. ಮನೆಯಲ್ಲಿ ಸ್ಲಾಟ್ ಡ್ರೈವಿನ ಹಳೆಯ ಮ್ಯಾಕ್ ಈಗಾಗಲೇ ಇದ್ದರೆ, ಚೀಟಿಯಿಲ್ಲದ, ಸೀಳದ, 12 ಸೆಂಟಿಮೀಟರಿನ ಡಿಸ್ಕುಗಳಿಗೆ ಮಾತ್ರ ಅದನ್ನು ಧಾರಾಳವಾಗಿ ಬಳಸಿ. ಉಳಿದುವಕ್ಕೆ ಬೇಡ.

ಕೊಳ್ಳುವಾಗ ವಯರನ್ನು ಗಮನಿಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಕೆಲವಕ್ಕೆ ಸಣ್ಣ ಬಾಯಿಯ ಟೈಪ್-ಸಿ ಮಾತ್ರ ಇರುತ್ತದೆ. ಡ್ರೈವ್ ತನಗೆ ಬೇಕಾದ ವಿದ್ಯುತ್ತನ್ನು ಅದೇ ವಯರಿನಿಂದ ಹೀರಿಕೊಳ್ಳುತ್ತದೆ. ಯು.ಎಸ್.ಬಿ. 2.0 ನಿಯಮದಂತೆ ಒಂದು ಪೋರ್ಟು ಕೊಡುವುದು 500 ಮಿಲಿಆಂಪಿಯರ್, 3.0 ಆದರೆ 900. ಡಿಸ್ಕು ತಿರುಗಲು ಆರಂಭಿಸುವ ಕ್ಷಣದಲ್ಲಿ ಹೆಚ್ಚು ಬೇಕಾಗುವುದರಿಂದ, ಡ್ರೈವ್ ಮತ್ತೆ ಮತ್ತೆ ನಿಂತು ಹೋಗುತ್ತಿದ್ದರೆ ನಡುವಿನ ಹಬ್ಬನ್ನು ತೆಗೆದು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚಿ ನೋಡಿ. ಡ್ರೈವನ್ನು ಕೆಟ್ಟದೆಂದು ಹಿಂದಿರುಗಿಸುವುದು ಆಮೇಲಿನ ಮಾತು.

ಡಿಸ್ಕು ಹಾಕುವ ಮುನ್ನ ನಡುವಿನ ತೂತಿನ ಸುತ್ತ ಬಿರುಕಿದೆಯೇ ನೋಡಿ. ಪೂರ್ಣ ವೇಗದಲ್ಲಿ ಡಿಸ್ಕು ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುತ್ತದೆ. ಬಿರುಕಿದ್ದರೆ ಒಳಗೇ ಒಡೆದು ಚೂರಾಗಬಹುದು. ಟ್ರೇಯಲ್ಲಿ ಕೂರಿಸುವಾಗ ಒಂದು ಕೈಯನ್ನು ಟ್ರೇಯ ಅಡಿಗೆ ಆಧಾರವಾಗಿ ಹಿಡಿದು, ಇನ್ನೊಂದು ಕೈಯಿಂದ ತೂತಿನ ಪಕ್ಕದಲ್ಲಿ ಒತ್ತಬೇಕು. ಅಂಚನ್ನು ಒತ್ತಬಾರದು. ತೆಗೆಯುವಾಗ ಹೆಬ್ಬೆರಳಿನಿಂದ ಗುಬ್ಬಿಯನ್ನು ಒತ್ತಿ ಹಿಡಿದು ಅಂಚಿನಿಂದ ಎತ್ತಬೇಕು.

ಡಿಸ್ಕನ್ನು ಒರಸುವುದಕ್ಕೂ ಕ್ರಮವಿದೆ. ಬೈರಾಸು ಸುತ್ತಿದಂತೆ ಉರುಟಾಗಿ ಒರಸುವುದು ತಪ್ಪು. ಮೆತ್ತನೆಯ ಹತ್ತಿಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರಸಬೇಕು. ಕಾರಣವಿಷ್ಟೆ: ಸಿ.ಡಿ. ತನ್ನೊಳಗೇ ತಪ್ಪು ತಿದ್ದಿಕೊಳ್ಳುವ ಲೆಕ್ಕಾಚಾರವನ್ನು ಇಟ್ಟುಕೊಂಡಿದೆ. ಸಾಲಿನುದ್ದಕ್ಕೆ ಸುಮಾರು 2.5 ಮಿಲಿಮೀಟರಿನಷ್ಟು ಅಳಿಸಿಹೋದರೂ ಅದನ್ನು ಪೂರ್ತಿಯಾಗಿ ಸರಿಪಡಿಸಿಕೊಳ್ಳಬಲ್ಲದು. ಅಡ್ಡಗೀರು ಒಂದೊಂದು ಸಾಲಿನಲ್ಲಿ ಕೂದಲೆಳೆಯಷ್ಟನ್ನು ಮಾತ್ರ ಅಳಿಸುತ್ತದೆ. ಉರುಟುಗೀರು ಒಂದೇ ಸಾಲನ್ನು ಉದ್ದಕ್ಕೆ ನುಂಗುತ್ತದೆ. ಇನ್ನು ಸಿ.ಡಿ.ಯ ಮೇಲ್ಮೈಗೆ, ಅಂದರೆ ಹೆಸರು ಬರೆಯುವ ಬದಿಗೆ, ಬಾಲ್ ಪೆನ್ನು ತಾಗಿಸಬೇಡಿ. ಮಾಹಿತಿಯ ಪದರ ಇರುವುದು ಆ ಬದಿಯ ತೆಳುಬಣ್ಣದ ಅಡಿಯಲ್ಲಿಯೇ. ಡಿ.ವಿ.ಡಿ.ಯಲ್ಲಿ ಅದು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಅಡಗಿರುವುದರಿಂದ ಅಷ್ಟು ಭಯವಿಲ್ಲ.

ನಕಲು ಮಾಡುವುದೇ ಮುಖ್ಯ

ಡ್ರೈವು ಬಂದಾಕ್ಷಣ ಡಿಸ್ಕುಗಳನ್ನು ನೋಡಿ ಸಂತೋಷಪಟ್ಟು ಮತ್ತೆ ಕಪಾಟಿನಲ್ಲಿಡುವುದು ಸಾಲದು. ಮನೆಯಲ್ಲಿ ಅಥವಾ ಅಂಗಡಿಯಲ್ಲಿ ಬರೆಯಿಸಿದ ಡಿಸ್ಕುಗಳಲ್ಲಿ ಗುರುತುಗಳು ಮೂಡಿರುವುದು ಬಣ್ಣದ ಒಂದು ಪದರದಲ್ಲಿ. ಬಿಸಿಲು, ಸೆಕೆ, ತೇವಗಳಿಂದ ಆ ಬಣ್ಣ ಕೆಡುತ್ತದೆ. ಯಂತ್ರಗಳೂ ಡಿಸ್ಕುಗಳೂ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಿವೆ; ಬರೆಯಬಲ್ಲ ಬ್ಲೂ-ರೇ ಡಿಸ್ಕುಗಳ ತಯಾರಿಯನ್ನು ಸೋನಿ ಕಂಪೆನಿ 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು.

ಮನೆಯ ಡಿಸ್ಕುಗಳು ಮೂರು ಬಗೆಯವು. ವಿ.ಸಿ.ಡಿ.ಯನ್ನು ತೆರೆದರೆ ಎಂ.ಪಿ.ಇ.ಜಿ.ಎ.ವಿ. ಎಂಬ ಕಡತಕೋಶದೊಳಗೆ ಡಿ.ಎ.ಟಿ. ಎಂದು ಕೊನೆಗೊಳ್ಳುವ ಕಡತ ಸಿಗುತ್ತದೆ. ಡಿ.ವಿ.ಡಿ.ಯಲ್ಲಿ ವಿಡಿಯೊ-ಟಿ.ಎಸ್. ಎಂಬ ಕೋಶದೊಳಗೆ ವಿ.ಒ.ಬಿ. ಕಡತಗಳಿರುತ್ತವೆ, ಇವು ಒಂದೊಂದೂ ಒಂದು ಗಿಗಾಬೈಟಿಗೆ ಮೀರದಂತೆ ತುಂಡಾಗಿರುತ್ತವೆ. ಮನೆಯ ವಿಡಿಯೊಗಳಾದರೆ ಕೋಶವನ್ನೇ ಇಡಿಯಾಗಿ ನಕಲು ಮಾಡಿಕೊಳ್ಳಬಹುದು. ಧ್ವನಿಯ ಸಿ.ಡಿ.ಯಲ್ಲಿ ಮಾತ್ರ ಹಾಗೆ ಎತ್ತಿಕೊಳ್ಳುವ ಕಡತಗಳಿಲ್ಲ; ಹಾಡುಗಳನ್ನು ಬಿಡಿಸಿಕೊಡುವ ಪ್ರೋಗ್ರಾಮಿನಿಂದ ತೆಗೆಯಬೇಕು. ವಿಂಡೋಸ್ 8ರಿಂದೀಚೆಗೆ ಡಿ.ವಿ.ಡಿ. ಚಿತ್ರವನ್ನು ತೋರಿಸುವ ವ್ಯವಸ್ಥೆ ಅದರ ಜೊತೆಗೆ ಬರುವುದಿಲ್ಲ. ವಿ.ಎಲ್.ಸಿ. ಎಂಬ ಪ್ರೋಗ್ರಾಮ್ ಉಚಿತವಾಗಿ ಸಿಗುತ್ತದೆ; ಈ ಮೂರು ಬಗೆಯನ್ನೂ ಅದು ನುಡಿಸುತ್ತದೆ. ಕೇರಳದ ಶಾಲೆಗಳಲ್ಲಿ ನಮ್ಮ ಮಕ್ಕಳು ಕಲಿಯುವ ಲಿನಕ್ಸ್ ವ್ಯವಸ್ಥೆಯಲ್ಲಿಯೂ ಅದು ನಡೆಯುತ್ತದೆ. ಆದುದರಿಂದ ಹೈಸ್ಕೂಲಿಗೆ ಹೋಗುವ ಮಗುವೊಂದು ಮನೆಯಲ್ಲಿದ್ದರೆ ಈ ಕೆಲಸವನ್ನು ಅದಕ್ಕೇ ವಹಿಸಬಹುದು.

ನಕಲನ್ನು ಎರಡು ಕಡೆ ಇಡಿ: ಒಂದು ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಮಗನ ಅಥವಾ ಮಗಳ ಬಳಿ. ಕಡತಕ್ಕೆ ಹೆಸರಿಡುವಾಗ ವರ್ಷ, ಊರು, ಸಂದರ್ಭ, ದನಿ ಯಾರದೆಂಬುದನ್ನು ಬರೆಯಿರಿ. ಮೂವತ್ತು ವರ್ಷದ ಬಳಿಕ ನೋಡುವವರಿಗೆ 'ವಿಡಿಯೊ ಒಂದು' ಎಂದರೆ ಏನು ತಿಳಿದೀತು?

ಯಾರಿಗಾಗಿ ಈ ಶ್ರಮ?

ಒಂದು ಡ್ರೈವಿಗಾಗಿ ಇಷ್ಟು ಮಾತು ಬೇಕೇ ಎಂದು ಕೆಲವರು ಕೇಳಬಹುದು. ತಾಳಮದ್ದಳೆಯ ಅರ್ಥಗಾರಿಕೆಗೆ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ತೀರಿಕೊಂಡರು. ಅವರ ಅರ್ಥವನ್ನು ಇನ್ನು ಕೇಳಬೇಕಾದರೆ ಧ್ವನಿಮುದ್ರಣವೇ ಗತಿ. ಅವರಂತಹ ಪ್ರಸಿದ್ಧರ ದನಿಯನ್ನು ಯಾರಾದರೂ ಕಾಪಾಡಿಯಾರು. ಆದರೆ ನಮ್ಮ ಮನೆಯ ಅಜ್ಜಿಯ ಶೋಭಾನೆ, ಊರಿನ ಹಿರಿಯರು ಜಗಲಿಯಲ್ಲಿ ಕುಳಿತು ಆಡಿದ ಮಾತು, ಮುಚ್ಚಿಹೋದ ಕನ್ನಡ ತರಗತಿಯ ಮಕ್ಕಳು ಹಾಡಿದ ಪ್ರಾರ್ಥನೆ - ಇವುಗಳ ಪ್ರತಿ ಯಾವ ಸರಕಾರದ ಬಳಿಯೂ ಇಲ್ಲ, ಯಾವ ಆಕಾಶವಾಣಿಯಲ್ಲಿಯೂ ಇಲ್ಲ. 1956ರಲ್ಲಿ ಗಡಿ ಆಚೀಚೆಯಾದ ಮೇಲೆ ಮಲಯಾಳದ ನಡುವೆ ಮೂರು ತಲೆಮಾರು ಉಳಿದುಬಂದ ನಮ್ಮ ಮನೆಗಳ ಕನ್ನಡ ಹೇಗಿತ್ತು ಎಂಬುದಕ್ಕೆ ಸಾಕ್ಷಿ ಆ ತಟ್ಟೆಗಳೇ.

ಪ್ರತಿಯೊಂದು ಮನೆಯೂ ಡ್ರೈವ್ ಕೊಳ್ಳಬೇಕೆಂದಿಲ್ಲ. ಊರಿನ ವಾಚನಾಲಯವೋ, ಯುವಕ ಮಂಡಲವೋ ಒಂದನ್ನು ತಂದಿಟ್ಟರೆ ಐವತ್ತು ಮನೆಗಳಿಗೆ ಸಾಕು. ಮದುವೆಗೆ ಪಾತ್ರೆ ಕೊಂಡೊಯ್ದು ಹಿಂದೆ ತಂದುಕೊಡುವ ಪದ್ಧತಿ ನಮ್ಮಲ್ಲಿ ಇದ್ದೇ ಇದೆಯಲ್ಲ. ಇದನ್ನೂ ಹಾಗೆಯೇ ಸುತ್ತಿಸಬಹುದು.

ಸೋದರಮಾವನ ಮನೆಯಲ್ಲಿ ಆ ಸಣ್ಣ ಡಿಸ್ಕು ಈಗಲೂ ಇದೆ. ಟ್ರೇ ಡ್ರೈವಿನಲ್ಲಿ ಹಾಕಿ ಓದಿಸಿದಾಗ ಅರ್ಧ ಹಾಡು ಸಿಕ್ಕಿತು. ಉಳಿದ ಅರ್ಧವನ್ನು ಅತ್ತೆ ನೆನಪಿನಿಂದ ಹಾಡಿದರು. ಅದನ್ನೂ ಮುದ್ರಿಸಿ ಜೊತೆಗೆ ಇಟ್ಟಿದ್ದೇವೆ. ಹಾಗೆ ನೆನಪಿಟ್ಟವರೊಬ್ಬರು ಎಲ್ಲ ಮನೆಗಳಲ್ಲಿಯೂ ಇರುತ್ತಾರೆಂದು ನಂಬಿ ಕುಳಿತುಕೊಳ್ಳುವುದು ಬೇಡ. ಮುಂದಿನ ಮಳೆ ಹಿಡಿಯುವ ಮೊದಲೇ ಕಪಾಟು ತೆರೆಯಿರಿ.